ಸಕ್ಕರೆ ಹಾಕುವ ಮೊದಲು ಒಂದು ಲೋಟ

ಶಿವನಂಜಮ್ಮನವರನ್ನು ನಾನು ಮೊದಲು ನೋಡಿದ ದಿನ ನನಗೆ ವಿಪರೀತ ಸಿಟ್ಟು ಬಂದಿತ್ತು. ಅವರ ಮೇಲಲ್ಲ, ಉಳಿದವರೆಲ್ಲರ ಮೇಲೆ. ನಂಜನಗೂಡಿನಲ್ಲಿ ಹಲ್ಲಿನ ಕ್ಲಿನಿಕ್ ತೆರೆದ ಹೊಸದು. ಹೆಮ್ಮರಗಾಲದ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಮಕ್ಕಳ ಹಲ್ಲು ನೋಡಲು ಹೋಗಿದ್ದೆ. ತಪಾಸಣೆ ಮುಗಿದ ಮೇಲೆ ದೊಡ್ಡವರನ್ನು ಕೂರಿಸಿಕೊಂಡು, ಆಟವಾಡುವಾಗ ಮಕ್ಕಳ ಮುಂದಿನ ಹಲ್ಲು ಮುರಿದರೆ ಏನು ಮಾಡಬೇಕು ಎಂದು ಅರ್ಧ ಗಂಟೆ ಮಾತಾಡಿದೆ. ಹಲ್ಲು ಬೇರುಸಮೇತ ಕಿತ್ತು ಬಂದರೆ ಬೇರನ್ನು ಮುಟ್ಟಬೇಡಿ, ಬಿಳಿಯ ಭಾಗ ಹಿಡಿದು ಎತ್ತಿ, ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ಬನ್ನಿ ಎಂದೆ. ಮುಂದಿನ ಸಾಲಿನಲ್ಲಿದ್ದವರು ಹೂಂಗುಟ್ಟಿದರು. ಒಬ್ಬರು ಎಷ್ಟು ಅಗಲವಾಗಿ ಆಕಳಿಸಿದರೆಂದರೆ ಅವರ ಎಡದವಡೆಯ ಹುಳುಕನ್ನು ನಾನು ನಿಂತಲ್ಲಿಂದಲೇ ನೋಡಿದೆ.

ಪ್ರಶ್ನೆ ಏನಾದರೂ ಇದೆಯೇ ಎಂದು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಅಡುಗೆ ಕೋಣೆಯ ಬಾಗಿಲಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಹೆಂಗಸೊಬ್ಬರು ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಎದ್ದು ನಿಂತರು. ಬಿಸಿಯೂಟದ ಮುಖ್ಯ ಅಡುಗೆಯವರು ಎಂದು ಹೆಡ್ ಮಾಸ್ಟರ್ ಮಹಾದೇವಸ್ವಾಮಿ ಪರಿಚಯ ಮಾಡಿಕೊಟ್ಟರು.

"ಡಾಕ್ಟ್ರಮ್ಮ, ಆಲು ಬಿಸಿಯಾಗಿರ್ಬೇಕಾ, ತಣ್ಣಗಿರ್ಬೇಕಾ?"

"ತಣ್ಣಗಿರಬೇಕು."

"ಸಕ್ರೆ ಆಕಿದ್ರೆ?"

"ಬೇಡ. ಸಪ್ಪೆ ಹಾಲೇ ಆಗಬೇಕು."

"ನಮ್ದು ಪುಡಿ ಕಲ್ಸಿದ್ ಆಲು. ಅದು ಆಯ್ತದಾ?"

ಐದು ವರ್ಷ ಓದಿದ್ದೆ, ನೂರಾರು ಬಾಯಿ ನೋಡಿದ್ದೆ, ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನೋಡಿ ಹೇಳುತ್ತೇನೆ ಎಂದು ಮನೆಗೆ ಬಂದು ಪುಸ್ತಕ ತೆಗೆದೆ. ಮರುದಿನ ಮಹಾದೇವಸ್ವಾಮಿಯವರಿಗೆ ಫೋನ್ ಮಾಡಿ, ಪುಡಿ ಹಾಲೂ ಆಗುತ್ತದೆ, ಆ ಅಡುಗೆ ಅಮ್ಮನಿಗೆ ಮರೆಯದೆ ತಿಳಿಸಿ ಎಂದೆ.

ಆ ದಿನದಿಂದ ಶಿವನಂಜಮ್ಮ ಒಂದು ಪದ್ಧತಿ ಶುರು ಮಾಡಿದರು. ಬೆಳಿಗ್ಗೆ ಮಕ್ಕಳಿಗೆ ಕೊಡುವ ಹಾಲು ಕಲಸಿ, ಸಕ್ಕರೆ ಹಾಕುವ ಮೊದಲು ಒಂದು ಸ್ಟೀಲ್ ಲೋಟ ಎತ್ತಿ, ತಟ್ಟೆ ಮುಚ್ಚಿ, ನೀರು ತುಂಬಿದ ಮಣ್ಣಿನ ಬೋಗುಣಿಯಲ್ಲಿ ನಿಲ್ಲಿಸಿ ಇಡುವುದು. ಸಂಜೆ ಶಾಲೆ ಬಿಡುವವರೆಗೂ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಆಮೇಲೆ ಹಾಲಿನ ಬದಲು ರಾಗಿ ಮಾಲ್ಟ್ ಕೊಡುವ ದಿನಗಳು ಬಂದವು. ಆ ದಿನಗಳಲ್ಲಿ ಅವರು ಮನೆಯ ಹಸುವಿನ ಹಾಲನ್ನು ಪುಟ್ಟ ಬಾಟಲಿಯಲ್ಲಿ ತಂದು ಅದೇ ಲೋಟಕ್ಕೆ ಹಾಕಿದರು. ಅವರ ಗಂಡ ನಿಂಗರಾಜು ದಿನಾ ಡೈರಿಯಲ್ಲಿ ಕೊಬ್ಬಿನಂಶ ಅಳೆಸಿ ಹಾಲು ಹಾಕುವವರು. "ನಮ್ ಡೈರೀಲಿ ಪ್ಯಾಟ್ ನೋಡ್ತಾರೆ, ಇವಳ್ ಡೈರೀಲಿ ಅಲ್ಲ್ ನೋಡ್ತಾರೆ" ಎಂದು ಅವರು ಊರಲ್ಲೆಲ್ಲ ನಗೆಯಾಡುತ್ತಿದ್ದರಂತೆ. ನಗೆಯಾಡಿದರೂ ಬಾಟಲಿಯನ್ನು ತುಂಬಿ ಕೊಡುತ್ತಿದ್ದವರು ಅವರೇ.

ಎಂಟು ವರ್ಷದಲ್ಲಿ ಆ ಶಾಲೆಯಲ್ಲಿ ಬೇರುಸಮೇತ ಬಿದ್ದ ಹಲ್ಲುಗಳು ಎರಡೇ ಎರಡು. ಆ ಎರಡು ಹಲ್ಲುಗಳಿಗಾಗಿ ಶಿವನಂಜಮ್ಮ ಸಾವಿರಕ್ಕೂ ಹೆಚ್ಚು ದಿನ ಲೋಟ ಎತ್ತಿಟ್ಟರು. ಸಂಜೆ ಆ ಹಾಲು ಶಾಲೆಯ ಹಿಂದಿನ ಬೆಕ್ಕಿಗೆ. ಬೆಕ್ಕು ಚೆನ್ನಾಗಿಯೇ ಮೈ ತುಂಬಿಕೊಂಡಿತು. ನಾನು ದಿನಕ್ಕೆರಡು ಸಲ ಹಲ್ಲುಜ್ಜಿ ಎಂದು ಜನಕ್ಕೆ ಹೇಳಿ ಹೇಳಿ ಸೋತವಳು. ಇವರು ಒಂದು ಸಲ ಕೇಳಿದ ಮಾತನ್ನು ಎಂಟು ವರ್ಷ ಬಿಡದೆ ನಡೆಸಿದರು.

ಮೊದಲನೆಯ ಹಲ್ಲು ಶಿವು ಎಂಬ ಏಳನೇ ಕ್ಲಾಸಿನ ಹುಡುಗನದು. ಖೋ ಖೋ ಆಡುವಾಗ ಇನ್ನೊಬ್ಬನ ಮಂಡಿಗೆ ಬಾಯಿ ಬಡಿದಿತ್ತು. ಹಲ್ಲು ಲೋಟದ ಹಾಲಿನಲ್ಲಿ ಮುಳುಗಿ, ಹೆಡ್ ಮಾಸ್ಟರ ಬೈಕಿನಲ್ಲಿ ನಲವತ್ತು ನಿಮಿಷಕ್ಕೆ ನನ್ನ ಕ್ಲಿನಿಕ್ಕಿಗೆ ಬಂತು. ಈಗ ಅವನು ನಂಜನಗೂಡಿನಲ್ಲಿ ಪಿಯುಸಿ ಓದುತ್ತಿದ್ದಾನೆ, ಆ ಹಲ್ಲಿನಲ್ಲೇ ಕಬ್ಬು ಸಿಗಿಯುತ್ತಾನೆ, ಬೇಡವೆಂದರೂ ಕೇಳುವುದಿಲ್ಲ. ಎರಡನೆಯದು ಉಳಿಯಲಿಲ್ಲ. ಶಿವನಂಜಮ್ಮ ರಜೆಯಲ್ಲಿದ್ದ ದಿನ ಬಿದ್ದ ಹಲ್ಲು ಅದು. ಮಗುವಿನ ಮನೆಯವರು ಅದನ್ನು ಬೂದಿಯಲ್ಲಿ ತಿಕ್ಕಿ, ಬೇರಿನ ಮೇಲಿನ ಪೊರೆಯನ್ನೆಲ್ಲ ಕೆರೆದು, ಫಳಫಳ ಹೊಳೆಯುವಂತೆ ಮಾಡಿ ತಂದಿದ್ದರು. ಮತ್ತೆ ಅಂಟಿಕೊಳ್ಳುವುದು ಆ ಪೊರೆಯಿಂದಲೇ. ಶಿವನಂಜಮ್ಮ ಅದಕ್ಕಾಗಿ ತಿಂಗಳುಗಟ್ಟಲೆ ತಮ್ಮನ್ನೇ ಬೈದುಕೊಂಡರು. ರಜೆ ಹಾಕಿದ್ದೇ ತಪ್ಪಂತೆ.

ನಾನು ಬರೆಯಹೊರಟಿದ್ದು ಮೂರನೆಯ ಹಲ್ಲಿನ ವಿಷಯ. ಅದು ಬೇರುಸಮೇತ ಬಿದ್ದದ್ದಲ್ಲ, ಅರ್ಧ ಮುರಿದದ್ದು. ಶಾಲೆಯಲ್ಲೂ ಅಲ್ಲ, ಭಾನುವಾರ ಮನೆಯ ಮುಂದೆ.

ಅರ್ಪಿತ ನಾಲ್ಕನೇ ಕ್ಲಾಸು, ಒಂಬತ್ತು ವರ್ಷ. ಅಪ್ಪ ಅಮ್ಮ ನೆಂಟರ ಮದುವೆಗೆಂದು ಕೊಳ್ಳೇಗಾಲಕ್ಕೆ ಹೋಗಿದ್ದರು. ಹುಡುಗಿ ಕುಂಟೆಬಿಲ್ಲೆ ಆಡುತ್ತ ಜಾರಿ ಜಗಲಿಯ ಕಲ್ಲಿನ ಅಂಚಿಗೆ ಬಾಯಿ ಹೊಡೆದುಕೊಂಡಳು. ಮೇಲಿನ ಮುಂದಿನ ಹಲ್ಲಿನ ಅರ್ಧ ಮುರಿದು ಬಿತ್ತು. ಅಜ್ಜಿ ಗುರುಬಸಮ್ಮ ರಕ್ತ ಒರೆಸಿದರು, ತುಟಿಗೆ ಅರಿಸಿನ ಹಚ್ಚಿದರು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಮಾಧಾನ ಮಾಡಿದರು. ಆಮೇಲೆ ನಮ್ಮ ಕಡೆ ಎಲ್ಲ ಅಜ್ಜಿಯರೂ ಮಾಡುವುದನ್ನು ಮಾಡಿದರು. ಮುರಿದ ಚೂರನ್ನು ಹುಡುಕಿ, ಸಗಣಿಯ ಉಂಡೆಯಲ್ಲಿಟ್ಟು, ಹೊಸ ಹಲ್ಲು ಬರಲೆಂದು ಮಗುವಿನ ಕೈಯಿಂದಲೇ ಹೆಂಚಿನ ಮೇಲೆ ಎಸೆಸಿದರು.

ಅದೊಂದು ಕೂಡು ಕುಟುಂಬ. ಮನೆಯಲ್ಲಿ ಹಲ್ಲು ಬೀಳುವ ವಯಸ್ಸಿನ ಇನ್ನೂ ಎರಡು ಮಕ್ಕಳಿವೆ. ಯಾರ ಯಾವ ಹಲ್ಲು ಬಿತ್ತು, ಯಾವುದು ಬಂತು ಎಂದು ಅಜ್ಜಿಗೆ ಲೆಕ್ಕ ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ಅರ್ಪಿತಳ ಹಾಲುಹಲ್ಲು ಎರಡು ವರ್ಷದ ಹಿಂದೆಯೇ ಬಿದ್ದಿತ್ತು. ಈಗ ಮುರಿದದ್ದು ಬಾಳಿನುದ್ದಕ್ಕೂ ಇರಬೇಕಾದ ಹಲ್ಲು.

ಸೋಮವಾರ ಬೆಳಿಗ್ಗೆ ಶಾಲೆಯಲ್ಲಿ ಹಾಲಿನ ಲೋಟ ತುಟಿಗೆ ತಾಗುತ್ತಲೇ ಅರ್ಪಿತ ಬೆಚ್ಚಿ ಲೋಟ ಕೆಳಗಿಟ್ಟಳು. ಶಿವನಂಜಮ್ಮ ಸೌಟು ಬಿಟ್ಟು ಬಂದು ಅವಳನ್ನು ಬಿಸಿಲಿಗೆ ಕರೆದುಕೊಂಡು ಹೋಗಿ ಬಾಯಿ ತೆರೆಸಿದರು. ಮುರಿದ ಹಲ್ಲಿನ ನಡುವೆ ಸಾಸಿವೆಯಷ್ಟು ಕೆಂಪು ಚುಕ್ಕೆ. ಆ ಶಾಲೆಯಲ್ಲಿ ವರ್ಷವರ್ಷ ನಡೆಸುವ ಶಿಬಿರವೊಂದರಲ್ಲಿ ನಾನು ಚಿತ್ರ ತೋರಿಸಿ ಹೇಳಿದ್ದೆ, ಕೆಂಪು ಚುಕ್ಕೆ ಕಂಡರೆ ಒಳಗಿನ ನರ ಬಯಲಾಗಿದೆ ಎಂದು, ಒಂದೆರಡು ದಿನದೊಳಗೆ ಬಂದರೆ ಉಳಿಸಬಹುದು, ತಡವಾದರೆ ನರ ಸಾಯುತ್ತದೆ ಎಂದು. ಅಂದು ಆ ಚಿತ್ರವನ್ನು ಕಣ್ಣಿಟ್ಟು ನೋಡಿದವರು ಯಾರೆಂದು ಈಗ ಹೇಳಬೇಕಾಗಿಲ್ಲ.

ಜೊತೆ ಅಡುಗೆಯ ಮರಿತಾಯಮ್ಮನಿಗೆ ಸಾರು ಒಪ್ಪಿಸಿ, ಹೆಡ್ ಮಾಸ್ಟರಿಗೆ ಹೇಳಿ, ಶಿವನಂಜಮ್ಮ ಮಗುವಿನ ಕೈಹಿಡಿದು ಗುರುಬಸಮ್ಮನ ಮನೆಗೆ ನಡೆದರು. ಮಹಾದೇವಸ್ವಾಮಿ ಕೊಳ್ಳೇಗಾಲಕ್ಕೆ ಫೋನ್ ಮಾಡಿ ಅಪ್ಪ ಅಮ್ಮನ ಒಪ್ಪಿಗೆ ತೆಗೆದುಕೊಂಡರು. ಅಜ್ಜಿಯ ಒಪ್ಪಿಗೆ ಅಷ್ಟು ಸುಲಭವಾಗಿರಲಿಲ್ಲ. ಆ ಮನೆಯಂಗಳದಲ್ಲಿ ನಡೆದ ಮಾತನ್ನು ನನಗೆ ಆಮೇಲೆ ಗುರುಬಸಮ್ಮನೇ ಹೇಳಿದರು, ಒಂದು ಅಕ್ಷರ ಬಿಡದೆ.

"ಗುರುಬಸಮ್ಮೋರೆ, ಮುರ್ದಿದ್ ಚೂರು ಎಲ್ಲದೆ?"

"ಎಂಚಿನ್ ಮ್ಯಾಲದೆ. ನೆನ್ನೇನೆ ಎಸ್ದಾಯ್ತು."

"ಅದು ಆಲಿನ್ ಅಲ್ಲು ಅಲ್ಲ ಕಣ್ರವ್ವ. ಎಲ್ಡ್ನೇ ಸಲ ಬಂದಿದ್ ಅಲ್ಲು. ಇನ್ ಮ್ಯಾಲೆ ಬರಕ್ಕಿಲ್ಲ. ಚೂರು ತಕ್ಕೊಂಡು ಡಾಕ್ಟ್ರಮ್ಮನ್ ತಾವ್ಕೆ ಓಗನ ನಡೀರಿ."

"ಎಸ್ದಿದ್ ಅಲ್ಲುನ್ನ ಕೆಳಿಕ್ ಇಳ್ಸುದ್ರೆ ಮಗೀಗೆ ಅಲ್ಲೇ ಬರಕ್ಕಿಲ್ಲ. ಅನ್ನ ಬೇಯ್ಸೋಳ್ಗೆ ಅಲ್ಲಿನ್ ಇಚಾರ ಯಾಕವ್ವ? ಓಗಿ ನಿನ್ ಕೆಲ್ಸ ನೋಡೋಗು."

ಶಿವನಂಜಮ್ಮ ಯಾವಾಗಲೂ ಬಾಯಿಗೆ ಅಡ್ಡ ಇರುತ್ತಿದ್ದ ಸೆರಗನ್ನು ಕೆಳಗೆ ಬಿಟ್ಟು, ಮೇಲಿನ ತುಟಿಯನ್ನು ಬೆರಳಲ್ಲಿ ಎತ್ತಿ ತೋರಿಸಿದರು. ಮುಂದಿನ ಹಲ್ಲು ಅರ್ಧವೇ ಇತ್ತು, ಆ ಅರ್ಧವೂ ಹುಣಿಸೆ ಬೀಜದ ಬಣ್ಣಕ್ಕೆ ತಿರುಗಿತ್ತು.

"ನೋಡ್ಕಳಿ. ಕಳಲೇಲಿ ನಮ್ಮಪ್ಪನ್ ಮನೆ ಜಗುಲಿಯಿಂದ ಬಿದ್ದೆ, ಒಂಬತ್ ವರ್ಸಕ್ಕೆ. ನಮ್ಮವ್ವನೂವೆ ಇಂಗೇ ಸಗ್ಣೀಲಿ ಮಡಗಿ ಎಸುದ್ಲು. ಬತ್ತದೆ ಬತ್ತದೆ ಅಂತ ಕಾದೆ. ಮದ್ವೆ ಆಯ್ತು, ಮಕ್ಳಾದೊ, ಮೊಮ್ಮಗ ಉಟ್ದ. ಇನ್ನೂ ಬಂದಿಲ್ಲ."

ಗುರುಬಸಮ್ಮ ಹಿತ್ತಲಲ್ಲಿ ಒರಗಿಸಿಟ್ಟಿದ್ದ ಏಣಿಯನ್ನು ಕೈತೋರಿಸಿ, ಒಂದು ಕಡೆಯನ್ನು ತಾವೇ ಹಿಡಿದುಕೊಂಡು ಅಂಗಳಕ್ಕೆ ತಂದರು.

ಐವತ್ತು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದರು. ಹೆಂಚಿನ ಮೇಲೆ ಒಂದಲ್ಲ, ಮೂರು ಸಗಣಿ ಉಂಡೆಗಳಿದ್ದವು. ಮಳೆಗಾಲ ಮುಗಿದ ಮೇಲೆ ಆ ಮನೆಯ ಮಕ್ಕಳು ಎಸೆದವೆಲ್ಲ ಅಲ್ಲೇ ಕೂತಿದ್ದವು, ಮಾರ್ಚ್ ಬಿಸಿಲಿಗೆ ಮೂರೂ ಒಂದೇ ಸಮ ಒಣಗಿದ್ದವು. ಒಡೆದು ನೋಡಿದರೆ ಒಳಗಿನ ಚೂರೂ ಒಡೆದೀತೆಂದು ಶಿವನಂಜಮ್ಮ ಮೂರನ್ನೂ ಹಾಗೇ ಟಿಫನ್ ಡಬ್ಬಿಗೆ ಹಾಕಿಕೊಂಡರು. ದಾರಿಯಲ್ಲಿ ಶಾಲೆಗೆ ಹೋಗಿ, ಎತ್ತಿಟ್ಟಿದ್ದ ಲೋಟದ ಹಾಲನ್ನು ಬಾಟಲಿಗೆ ಸುರಿದುಕೊಂಡು, ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದರು.

ನಂಜನಗೂಡಿಗೆ ಬಂದು ನೋಡಿದರೆ ನನ್ನ ಕ್ಲಿನಿಕ್ಕಿಗೆ ಬೀಗ. ಸೋಮವಾರ, ಗುರುವಾರ ನಾನು ತಿ. ನರಸೀಪುರದಲ್ಲಿ ಕೂರುತ್ತೇನೆ ಎಂದು ಬೋರ್ಡಿನಲ್ಲಿ ಬರೆದಿದೆ. ಫೋನ್ ಮಾಡಿದ್ದಾರೆ, ಕೈಗೆ ಗ್ಲೌಸ್ ಹಾಕಿದ್ದ ನಾನು ಎತ್ತಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಾಳೆ ಬಂದರಾಯಿತು ಎಂದು ಮನೆಗೆ ಹೋಗುತ್ತಿದ್ದರು. ಶಿವನಂಜಮ್ಮ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿ, ಸುತ್ತೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಮಗುವನ್ನು ಕಿಟಕಿಯಿಂದ ದೂರ ಕೂರಿಸಿಕೊಂಡು, ಗಾಳಿ ತಾಗಿದರೆ ಹಲ್ಲು ಜುಮ್ಮೆನ್ನುತ್ತದೆಂದು ತಮ್ಮ ಕೈಯನ್ನು ಅದರ ಬಾಯಿಗೆ ಅಡ್ಡ ಹಿಡಿದು ಬಂದರು.

ಮಧ್ಯಾಹ್ನ ಒಂದಕ್ಕೆ ನನ್ನ ಮೇಜಿನ ಮೇಲೆ ಡಬ್ಬಿ ತೆರೆದಾಗ ನನಗೆ ತಲೆ ಕೆಟ್ಟಿತು.

"ಇದೇನು ಶಿವನಂಜಮ್ಮ, ಕ್ಲಿನಿಕ್ಕಿಗೆ ಸಗಣಿ ತಂದಿದ್ದೀರಾ?"

"ಚೂರು ಇದ್ರೊಳಗದೆ ಡಾಕ್ಟ್ರಮ್ಮ, ಏಣಿ ಅತ್ತಿ ಎಂಚಿನ್ ಮ್ಯಾಲಿಂದ ತಂದೆ. ಯಾವುದ್ರಲ್ಲಿ ಅಂತ ಗೊತ್ತಿಲ್ಲ. ಆಲೂ ತಂದಿವ್ನಿ, ತೆಗ್ದೇಟ್ಗೆ ಆಕದ್ಕೆ."

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಮೂವರೂ ಕಣ್ಣಿಟ್ಟು ನೋಡುತ್ತಿರುವಾಗ ಮೊದಲನೆಯ ಉಂಡೆ ಬಿಡಿಸಿದೆ, ಅಕ್ಕಿ ಕಾಳಿನಂಥ ಹಾಲುಹಲ್ಲು. "ಇದು ನಮ್ ಸಣ್ಣವಂದು" ಎಂದರು ಗುರುಬಸಮ್ಮ. ಎರಡನೆಯದರಲ್ಲೂ ಹಾಲುಹಲ್ಲು. ಮೂರನೆಯದರಲ್ಲಿ ಅರ್ಪಿತಳ ಹಲ್ಲಿನ ಚೂರು, ಒಂದೇ ತುಂಡಾಗಿ, ಅಂಚು ಕೂಡ ಸವೆಯದೆ.

ಇಡೀ ಹಲ್ಲು ಬೇರುಸಮೇತ ಸಗಣಿಗೆ ಬಿದ್ದಿದ್ದರೆ ಕೈಬಿಡಬೇಕಾಗುತ್ತಿತ್ತು. ಮುರಿದ ಚೂರಿಗೆ ಆ ತೊಂದರೆಯಿಲ್ಲ, ಅದರಲ್ಲಿ ಜೀವವಿರುವುದಿಲ್ಲ, ಚೆನ್ನಾಗಿ ತೊಳೆದು ಔಷಧಿಯಲ್ಲಿ ಅದ್ದಿ ಶುದ್ಧ ಮಾಡಬಹುದು. ಒಣಗಿದ್ದು ಮತ್ತೆ ನೀರು ಕುಡಿದು ತನ್ನ ಬಣ್ಣಕ್ಕೆ ಬರಲೆಂದು ಸಲೈನಿನಲ್ಲಿ ನೆನೆಹಾಕಿದೆ. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಎಂದು ಅರ್ಪಿತಳ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಆಮೇಲೆ ಹುಡುಗಿಯ ಎಕ್ಸ್‌ರೇ ತೆಗೆದೆ.

ಎಕ್ಸ್‌ರೇ ನೋಡಿದರೆ ನನಗೆ ಹೆದರಿಕೆಯಾಗುವುದು ಇಂಥ ವಯಸ್ಸಿನ ಮಕ್ಕಳದೇ. ಹಲ್ಲು ಬಾಯಲ್ಲಿ ಕಾಣಿಸಿಕೊಂಡ ಮೇಲೂ ಒಳಗೆ ಅದರ ಬೇರು ಎರಡು ಮೂರು ವರ್ಷ ಬೆಳೆಯುತ್ತಲೇ ಇರುತ್ತದೆ. ಅರ್ಪಿತಳ ಬೇರಿನ ಗೋಡೆ ತೆಳ್ಳಗಿತ್ತು, ತುದಿ ಕೊಳವೆಯ ಬಾಯಿಯಂತೆ ತೆರೆದೇ ಇತ್ತು. ಅದನ್ನು ಬೆಳೆಸಿ ಮುಚ್ಚಬೇಕಾದದ್ದು ಒಳಗಿನ ನರ. ನರ ಸತ್ತರೆ ಬೇರು ಅಂದಿಗೆ ನಿಂತುಹೋಗುತ್ತದೆ, ಎಂದೋ ಒಂದು ದಿನ ಸಣ್ಣ ಪೆಟ್ಟಿಗೂ ಮುರಿಯುತ್ತದೆ. ಚೂರು ಅಂಟಿಸುವುದು ಚೆಂದಕ್ಕೆ, ನರ ಬದುಕಿಸುವುದೇ ನಿಜವಾದ ಕೆಲಸ.

ನೋವಾಗದಂತೆ ಇಂಜೆಕ್ಷನ್ ಕೊಟ್ಟು, ಬಯಲಾಗಿದ್ದ ನರದ ಮೇಲ್ಭಾಗವನ್ನು ಎರಡು ಮಿಲಿಮೀಟರಿನಷ್ಟು ಮಾತ್ರ ತೆಗೆದೆ. ರಕ್ತ ತಾನಾಗಿ ನಿಲ್ಲುತ್ತದೋ ಇಲ್ಲವೋ ಎಂದು ಹತ್ತಿ ಒತ್ತಿ ಹಿಡಿದು ಕಾದೆ. ನಿಲ್ಲದಿದ್ದರೆ ಒಳಗೆ ಇನ್ನೂ ಆಳಕ್ಕೆ ಕೆಟ್ಟಿದೆ ಎಂದರ್ಥ. ಅರ್ಪಿತ ಒಂದು ಕೈಯಲ್ಲಿ ಅಜ್ಜಿಯ ಬೆರಳು, ಇನ್ನೊಂದು ಕೈಯಲ್ಲಿ ಶಿವನಂಜಮ್ಮನ ಸೆರಗು ಹಿಡಿದಿದ್ದಳು. ಹತ್ತಿ ತೆಗೆದೆ. ರಕ್ತ ನಿಂತಿತ್ತು, ನರ ತಿಳಿ ಕೆಂಪಾಗಿತ್ತು. ಅದರ ಮೇಲೆ ಔಷಧಿಯ ಸಿಮೆಂಟಿನ ಪುಟ್ಟ ಮುಚ್ಚಳ ಇಟ್ಟು, ಚೂರಿನ ಒಳಭಾಗವನ್ನು ಅದಕ್ಕೆ ತಕ್ಕಂತೆ ಸ್ವಲ್ಪ ಕೊರೆದು, ಹಲ್ಲಿಗೆ ಹೊಂದಿಸಿ ಅಂಟಿಸಿ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡಿದೆ. ಕೂದಲೆಳೆಯಷ್ಟು ಗೆರೆ ಬಿಟ್ಟರೆ ಮುರಿದದ್ದೇ ಗೊತ್ತಾಗುತ್ತಿರಲಿಲ್ಲ.

ಅರ್ಪಿತ ಕನ್ನಡಿ ನೋಡಿಕೊಂಡು, ಅಜ್ಜಿಯ ಕಡೆ ತಿರುಗಿ, "ದೊಡ್ಡವ್ವ, ಇದು ನಂದೇಯಾ" ಎಂದಳು.

ಶಿವನಂಜಮ್ಮನಿಗೆ ನಾನು ನಿಜ ಹೇಳಬೇಕಾಯಿತು. "ಚೂರು ಸಿಗದಿದ್ದರೂ ಬೇರೆ ಪದಾರ್ಥದಲ್ಲಿ ಕಟ್ಟಬಹುದಿತ್ತು. ನೀವು ಹೆಂಚು ಹತ್ತಿ ಬೀಳುವ ಅಪಾಯ ತಂದುಕೊಳ್ಳಬಾರದಿತ್ತು. ಹೊತ್ತಿಗೆ ಸರಿಯಾಗಿ ಕರೆದುಕೊಂಡು ಬಂದಿರಲ್ಲ, ಅದೇ ದೊಡ್ಡದು."

"ಇರ್ಲಿ ಬುಡಿ. ಅವುಳ್ದು ಅವುಳ್ ತಾವೇ ಇರ್ಲಿ ಅಂತ" ಎಂದು ಅವರು ಸೆರಗಿನೊಳಗೆ ನಕ್ಕರು.

ಅವರು ಬಾಟಲಿ ತೊಳೆಯಲು ಹೋದಾಗಲೇ ಗುರುಬಸಮ್ಮ ನನಗೆ ಅಂಗಳದ ಕಥೆ ಹೇಳಿದ್ದು. ಕೇಳಿ ನನಗೆ ನಾಚಿಕೆಯಾಯಿತು. ಎಂಟು ವರ್ಷ ಈ ಹೆಂಗಸು ನನ್ನ ಎದುರು ಬಾಯಿಗೆ ಸೆರಗು ಹಿಡಿದು ಮಾತಾಡಿದ್ದರು. ನಾನದನ್ನು ಮರ್ಯಾದೆ ಎಂದುಕೊಂಡಿದ್ದೆ. ಆಕಳಿಸಿದವರ ದವಡೆಯ ಹುಳುಕನ್ನು ದೂರದಿಂದಲೇ ಕಂಡುಹಿಡಿದ ಜಾಣೆಗೆ ಎದುರಿಗೇ ಇದ್ದ ಈ ಬಾಯಿಯನ್ನು ನೋಡಬೇಕೆಂದು ತೋಚಿರಲಿಲ್ಲ. ಅವರು ಬಂದ ಕೂಡಲೇ ಕುರ್ಚಿಯಲ್ಲಿ ಕೂರಿ ಎಂದೆ, ಸ್ವಲ್ಪ ಗದರಿಸಿಯೇ ಹೇಳಿದೆ.

"ಈಗ್ಲೇ ಬ್ಯಾಡಿ. ಮೊದ್ಲು ಮಗೀದು ಬದುಕ್ತದಾ ನೋಡನ. ಅವುಳ್ದು ಉಳುದ್ರೆ ನಾನೂ ಕೂತ್ಕತೀನಿ."

ಇದೆಂಥ ಹಟ ಎಂದು ರೇಗಿದೆ. ಅವರು ಕೇಳಲಿಲ್ಲ, ನಾಳೆಯ ಬೇಳೆ ನೆನೆಹಾಕಬೇಕೆಂದು ಬಸ್ಸಿಗೆ ಹೊರಟರು.

ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಅರ್ಪಿತಳನ್ನು ಕರೆದುಕೊಂಡು ಬಂದವರು ಶಿವನಂಜಮ್ಮನೇ. ಅಮ್ಮ ನಯನ ರಜೆ ಸಿಕ್ಕಾಗ ಬರುತ್ತಿದ್ದರು, ಶಿವನಂಜಮ್ಮ ಮಾತ್ರ ಒಂದು ಸಲವೂ ತಪ್ಪಿಸಲಿಲ್ಲ. ನಾನು ತಣ್ಣನೆಯ ಹತ್ತಿ ಹಲ್ಲಿಗೆ ಮುಟ್ಟಿಸಿದಾಗ ಹುಡುಗಿ ಕೈ ಎತ್ತಿದರೆ ನರ ಬದುಕಿದೆ ಎಂದರ್ಥ. ಪ್ರತಿ ಸಲವೂ ಮಗುವಿಗಿಂತ ಮೊದಲು ಇವರ ಕೈ ಅರ್ಧಕ್ಕೆ ಏಳುತ್ತಿತ್ತು.

ಮರುವರ್ಷ ಏಪ್ರಿಲ್, ಶಾಲೆಗೆ ರಜೆ. ನಂಜನಗೂಡಿನ ಕ್ಲಿನಿಕ್ಕಿನಲ್ಲಿ ಅರ್ಪಿತಳ ಹೊಸ ಎಕ್ಸ್‌ರೇ ತೆಗೆದೆ. ಬೇರು ಉದ್ದವಾಗಿತ್ತು, ಗೋಡೆ ದಪ್ಪವಾಗಿತ್ತು, ತುದಿ ಮುಚ್ಚಿತ್ತು. ಹಲ್ಲು ಬದುಕಿತ್ತು, ಬೆಳೆದೂ ಇತ್ತು. ಒಪ್ಪಂದ ನೆನಪಿದೆಯೇ ಎಂದು ಶಿವನಂಜಮ್ಮನನ್ನು ಕೇಳಿದೆ. ಅವರು ತಲೆಯಾಡಿಸಿ ಕುರ್ಚಿಯ ತುದಿಯಲ್ಲಿ ಕೂತರು. ಹಲ್ಲಿನ ಮೇಲಿನ ವಸಡಿನಲ್ಲಿ ಆಗಾಗ ಗುಳ್ಳೆ ಎದ್ದು ಒಡೆಯುತ್ತಿತ್ತಂತೆ, ಲವಂಗ ಇಟ್ಟುಕೊಂಡು ಸುಮ್ಮನಾಗುತ್ತಿದ್ದರಂತೆ. ಅವರದೂ ಒಂದು ಎಕ್ಸ್‌ರೇ ತೆಗೆದು, ಅರ್ಪಿತಳ ಹೋದ ವರ್ಷದ್ದೂ ಸೇರಿ ಮೂರು ಚಿತ್ರಗಳನ್ನೂ ಪರದೆಯ ಮೇಲೆ ಸಾಲಾಗಿ ಹಾಕಿ ಅವರ ಕಡೆ ತಿರುಗಿಸಿದೆ.

ವರ್ಷಗಟ್ಟಲೆ ಶಿಬಿರದ ಚಿತ್ರ ನೋಡಿದವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ನಡುವಿನದನ್ನು ತೋರಿಸಿ, "ಇದು ಅರ್ಪಿತಂದು, ಇವತ್ತಿಂದು. ಮುಚ್ಕಂಡದೆ" ಎಂದರು. ಆಮೇಲೆ ಕೊನೆಯದರ ಮೇಲೆ ಬೆರಳಿಟ್ಟು, "ಇದು ಅವುಳ್ದೇ ಓದ್ ವರ್ಸದ್ದು. ಬಾಯಿ ತೆರ್ಕಂಡದೆ ನೋಡಿ" ಎಂದರು.

"ಅಲ್ಲ ಶಿವನಂಜಮ್ಮ. ಅವಳ ಹಳೆಯದು ಮೊದಲನೆಯದು. ಇದು ನಿಮ್ಮದು."

ಅವರು ಬೆರಳನ್ನು ತೆಗೆಯಲಿಲ್ಲ. ಅವರು ಬಿದ್ದ ವರ್ಷವೇ ಆ ಬೇರು ಬೆಳೆಯುವುದನ್ನು ನಿಲ್ಲಿಸಿತ್ತು. ತೆಳ್ಳನೆಯ ಗೋಡೆ, ತೆರೆದ ತುದಿ, ಮಗುವಿನ ಮೊದಲ ಚಿತ್ರದ ಹಾಗೆಯೇ. ಐವತ್ತೆರಡು ವರ್ಷದ ಬಾಯಲ್ಲಿ ಒಂಬತ್ತು ವರ್ಷದ ಬೇರು. ಆ ಹುಡುಗಿಯನ್ನು ಬಸ್ಸು ಹತ್ತಿಸಿ ಕರೆತರುವವರು ಆಗ ಕಳಲೆಯಲ್ಲಿ ಯಾರೂ ಇರಲಿಲ್ಲ ಎಂದು ನೆನೆದು ನನಗೆ ಅಳು ಬಂತು. ಅತ್ತೇಬಿಟ್ಟೆ.

ಅವರು ಅಳಲಿಲ್ಲ. ಮೂರು ಚಿತ್ರಗಳನ್ನೂ ಇನ್ನೊಮ್ಮೆ ನಿಧಾನವಾಗಿ ನೋಡಿ, ಪಕ್ಕದಲ್ಲಿ ನಿಂತಿದ್ದ ಅರ್ಪಿತಳ ಬೆನ್ನ ಮೇಲೆ ಕೈಯಿಟ್ಟರು.

"ಅಂಗಾರೆ ಇವ್ಳು ನನ್ನ ದಾಟ್ಕಂಡ್ ಓದ್ಲು ಅನ್ನಿ" ಎಂದು ನಕ್ಕರು. ಸೆರಗು ಮಡಿಲಲ್ಲೇ ಇತ್ತು, ಅದನ್ನು ಎತ್ತಿಕೊಳ್ಳಲು ಅವರ ಕೈ ಹೋಗಲಿಲ್ಲ. ಆಮೇಲೆ ಕುರ್ಚಿಗೆ ತಾವಾಗಿಯೇ ಒರಗಿ ಬಾಯಿ ತೆರೆದರು.